ಬರೆಯುವ ಕೋಣೆಗೆ ಮೆಟ್ಟಿಲೊಂದೇ ದಾರಿಯಾ?

ಪ್ರಶ್ನೆ: ಸುಮಾರು ನೂರು ವರ್ಷ ಹಳೆಯ ಮನೆ. ಒಬ್ಬ ಲೇಖಕರು ಬದುಕಿ, ಬರೆದ ಮನೆ. ಈಗ ಅದು ಮ್ಯೂಸಿಯಂ, ನಾನು ಅದರ ಸಮಿತಿಯಲ್ಲಿದ್ದೇನೆ. ಮುಂಬಾಗಿಲಿಗೆ ಐದು ಮೆಟ್ಟಿಲು. ಒಳಗೆ ಎತ್ತರದ ಹೊಸ್ತಿಲುಗಳು. ಮಹಡಿಗೆ ಕಡಿದಾದ ಮರದ ಮೆಟ್ಟಿಲು. ಎಲ್ಲರೂ ನೋಡಲು ಬರುವ ಬರೆಯುವ ಕೋಣೆ ಇರುವುದು ಮೇಲೆಯೇ. ಹೋದ ತಿಂಗಳು ವೀಲ್‌ಚೇರಿನಲ್ಲಿ ಬಂದ ಯುವತಿಯೊಬ್ಬರು ಗೇಟಿನಿಂದಲೇ ವಾಪಸ್ ಹೋದರು. ಸಮಿತಿಯಲ್ಲಿ ವಿಷಯ ಎತ್ತಿದರೆ "ಪಾರಂಪರಿಕ ಕಟ್ಟಡ, ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ" ಎಂಬ ಉತ್ತರ ಬಂತು. ಹಣವೂ ಕಡಿಮೆ. ಎಲ್ಲಿಂದ ಶುರು ಮಾಡಬೇಕು?

ಉತ್ತರ:

ನಿಮ್ಮ ಪತ್ರ ಓದಿದ ಮೇಲೆ ಗೇಟಿನಿಂದ ತಿರುಗಿ ಹೋದ ಆ ಯುವತಿಯೇ ನನ್ನ ಕಣ್ಣ ಮುಂದೆ ಇದ್ದಾರೆ. ಅವರು ದೂರು ಬರೆಯಲಿಲ್ಲ, ಜಗಳ ಆಡಲಿಲ್ಲ. ಸುಮ್ನೆ ಹೋದರು. ಹೀಗೆ ಹೋದವರ ಹೆಸರು ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ಅದಕ್ಕೇ ಎಷ್ಟೋ ಸಮಿತಿಗಳಲ್ಲಿ "ನಮ್ಮಲ್ಲಿಗೆ ಅಂಥವರು ಯಾರೂ ಬರೋದೇ ಇಲ್ಲ" ಎಂಬ ಮಾತು ಕೇಳಿಬರುತ್ತದೆ. ಬರುವುದಿಲ್ಲ, ನಿಜ. ಒಳಗೆ ಹೋಗಲು ಆಗುವುದಿಲ್ಲ ಎಂದು ಗೊತ್ತಿರುವ ಜಾಗಕ್ಕೆ ಯಾರು ತಾನೇ ಬರುತ್ತಾರೆ? ನೀವು ಅವರನ್ನು ಗಮನಿಸಿದಿರಿ, ಸಭೆಯಲ್ಲಿ ಮಾತೂ ಆಡಿದಿರಿ. ಕೆಲಸ ಆಗಲೇ ಶುರುವಾಗಿದೆ ಅಂತಲೇ ನಾನು ಲೆಕ್ಕ ಹಾಕುತ್ತೇನೆ.

ಸಮಿತಿಯವರ ಎಚ್ಚರವನ್ನೂ ನಾನು ತಳ್ಳಿಹಾಕುವುದಿಲ್ಲ. ಹಳೆ ಬಾಗಿಲ ಚೌಕಟ್ಟನ್ನು ಒಮ್ಮೆ ಗರಗಸದಿಂದ ಕೊಯ್ದರೆ ಮುಗಿಯಿತು, ಅದು ಮತ್ತೆ ಬರುವುದಿಲ್ಲ. ಆದರೆ ಸಂರಕ್ಷಣೆಯ ಕೆಲಸ ಮಾಡುವವರು ಯಾರೂ "ಏನನ್ನೂ ಮಾಡಬೇಡಿ" ಅನ್ನುವುದಿಲ್ಲ. ಅವರು ಹೇಳುವುದು ಬೇರೆ: ಎಷ್ಟು ಬೇಕೋ ಅಷ್ಟು ಮಾಡಿ, ಆದಷ್ಟು ಕಡಿಮೆ ಬದಲಿಸಿ, ನಾಳೆ ತೆಗೆದರೆ ಗುರುತೂ ಉಳಿಯದ ಹಾಗೆ ಮಾಡಿ. ಈ ಮೂರು ಮಾತಿನ ಒಳಗೆ ಎಷ್ಟೋ ಕೆಲಸ ಮಾಡಬಹುದು. ಸಮಿತಿಯವರಿಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ. ಆ ಮನೆಗೆ ಇವತ್ತಿನ ವಿದ್ಯುತ್ ವೈರು, ಫ್ಯಾನು, ಸಿಸಿಟಿವಿ, ಟಿಕೆಟ್ ಮೇಜು, ಬೆಂಕಿ ಆರಿಸುವ ಸಿಲಿಂಡರು ಎಲ್ಲಿಂದ ಬಂದವು? ಇವೆಲ್ಲ ಬರುವಾಗ ಮೊಳೆ ಹೊಡೆಯಲೇ ಇಲ್ಲವಾ? ಬೇಕು ಅನ್ನಿಸಿದ್ದಕ್ಕೆಲ್ಲ ಮನೆ ಜಾಗ ಮಾಡಿಕೊಟ್ಟಿದೆ.

ಕಾಯ್ದೆಯ ಮಾತು ಬಂದರೆ ಒಂದು ವಿಷಯ ತಿಳಿದಿರಲಿ. ಅಂಗವೈಕಲ್ಯ ಇರುವವರ ಹಕ್ಕುಗಳ ಬಗ್ಗೆ ವಿಶ್ವಸಂಸ್ಥೆ 2006ರಲ್ಲಿ ಒಂದು ಒಡಂಬಡಿಕೆ ಮಾಡಿತು. ಅದರ 30ನೇ ವಿಧಿ ಇರುವುದೇ ಸಾಂಸ್ಕೃತಿಕ ಬದುಕಿನ ಬಗ್ಗೆ. ಅದರಲ್ಲಿ ಒಂದು ಸೂಕ್ಷ್ಮ ಇದೆ. ಸ್ಮಾರಕಗಳ ವಿಷಯಕ್ಕೆ ಬಂದಾಗ "ಸಾಧ್ಯವಾದ ಮಟ್ಟಿಗೆ" ಎಂಬ ಮಾತು ಸೇರಿಸಿದ್ದಾರೆ. ಮ್ಯೂಸಿಯಂ, ರಂಗಮಂದಿರ, ಗ್ರಂಥಾಲಯಗಳ ವಿಷಯದಲ್ಲಿ ಆ ರಿಯಾಯಿತಿ ಇಲ್ಲ. ನಿಮ್ಮ ಮನೆ ಎರಡೂ ಹೌದು, ಅಲ್ವಾ? ಗೋಡೆ, ಮೆಟ್ಟಿಲುಗಳಿಗೆ ಸ್ಮಾರಕದ ರಿಯಾಯಿತಿ ಕೇಳಬಹುದು. ಆದರೆ ಟಿಕೆಟ್ ಕೊಟ್ಟು ಜನರನ್ನು ಕರೆದ ಮೇಲೆ ಅದು ಮ್ಯೂಸಿಯಂ. ಗೋಡೆಯ ನೆಪ ಹೇಳಿ ಕಥೆಯನ್ನೂ ಮುಚ್ಚಿಡಲು ಆಗುವುದಿಲ್ಲ.

ಈಗ ಅಳತೆ ಟೇಪು ಹಿಡಿಯುವ ಮೊದಲು ಮಾಡಬೇಕಾದ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಲೇಖಕರು ಕೊನೆಯ ವರ್ಷಗಳಲ್ಲಿ ಆ ಮಹಡಿ ಹತ್ತುತ್ತಿದ್ದರಾ? ಹುಡುಕಿ. ಪತ್ರಗಳಲ್ಲಿ, ಮನೆಯವರ ನೆನಪುಗಳಲ್ಲಿ, ಹಳೆ ಫೋಟೋಗಳಲ್ಲಿ ನೋಡಿ. ನಾನು ಕೆಲಸ ಮಾಡಿದ ಒಂದು ಮನೆಯಲ್ಲಿ ಯಜಮಾನರು ಕೊನೆಯ ಆರು ವರ್ಷ ಮೇಲೆ ಹೋಗೇ ಇರಲಿಲ್ಲ. ಮಂಡಿ ನೋವು. ಮೇಜನ್ನೇ ಕೆಳಗೆ ತಂದಿದ್ದರು, ಮಂಚವನ್ನು ಅಡುಗೆಮನೆಯ ಪಕ್ಕದ ಕೋಣೆಗೆ ಹಾಕಿದ್ದರು. ಮ್ಯೂಸಿಯಂ ಮಾಡಿದವರು "ಮೂಲ ಸ್ಥಿತಿ"ಗೆ ತರುತ್ತೇವೆ ಎಂದು ಮೇಜನ್ನು ಮತ್ತೆ ಮಹಡಿಗೆ ಹತ್ತಿಸಿದ್ದರು! ಬದುಕಿದ ಮನುಷ್ಯನ ಮುಪ್ಪು, ನೋವು ಎಲ್ಲವನ್ನೂ ಅಳಿಸಿ, ಕಟ್ಟಡದ ಒಂದು ವರ್ಷವನ್ನು ಮಾತ್ರ ಉಳಿಸಿಕೊಂಡಿದ್ದರು.

ಇದು ಅಪರೂಪದ ಸಂಗತಿಯೇನಲ್ಲ. ಅಮೆರಿಕದ ಅಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರಿಗೆ 1921ರಲ್ಲಿ, 39ನೇ ವಯಸ್ಸಿನಲ್ಲಿ, ಕಾಲುಗಳ ಬಲ ಹೋಯಿತು. ನ್ಯೂಯಾರ್ಕ್ ರಾಜ್ಯದ ಹೈಡ್ ಪಾರ್ಕ್ ಎಂಬ ಊರಿನ ಅವರ ಮನೆ ಈಗ ಮ್ಯೂಸಿಯಂ. ಅಲ್ಲಿ ಪೆಟ್ಟಿಗೆ, ಟ್ರಂಕುಗಳನ್ನು ಮೇಲೆ ಸಾಗಿಸಲು ಇದ್ದ ಸಣ್ಣ ಲಿಫ್ಟು ಇದೆ. ರೂಸ್‌ವೆಲ್ಟ್ ಅದರಲ್ಲಿ ಕೂತು, ಹಗ್ಗವನ್ನು ತಾವೇ ಕೈಯಿಂದ ಎಳೆದು ಮೇಲೆ ಹೋಗುತ್ತಿದ್ದರು. ಕರೆಂಟಿನ ಲಿಫ್ಟು ಬೇಡ ಅಂದರು. ಬೆಂಕಿ ಬಿದ್ದು ಕರೆಂಟು ಹೋದರೆ ನಡುವೆ ಸಿಕ್ಕಿಹಾಕಿಕೊಳ್ಳುವ ಭಯ. ಅವರ ವೀಲ್‌ಚೇರ್ ಕೂಡ ಸಾದಾ ಮರದ ಕುರ್ಚಿಗೆ ಚಕ್ರ ಕೂರಿಸಿದ್ದು. ಕಿರಿದಾದ ಬಾಗಿಲುಗಳಲ್ಲಿ ಅದು ನುಸುಳುತ್ತಿತ್ತು. ಮುಂದೆ 1938-39ರಲ್ಲಿ ಅಲ್ಲೇ ಹತ್ತಿರ ಟಾಪ್ ಕಾಟೇಜ್ ಎಂಬ ಸಣ್ಣ ಮನೆಯನ್ನು ತಾವೇ ರೂಪಿಸಿ ಕಟ್ಟಿಸಿದರು. ಅಲ್ಲಿ ಬಾಗಿಲುಗಳಿಗೆ ಹೊಸ್ತಿಲೇ ಇಲ್ಲ. ಮೆಕ್ಸಿಕೋದಲ್ಲಿ ಚಿತ್ರಕಾರ್ತಿ ಫ್ರಿಡಾ ಕಾಲೊ ಅವರ ನೀಲಿ ಮನೆ 1958ರಿಂದ ಮ್ಯೂಸಿಯಂ. ಅವರ ಚಿತ್ರ ಬರೆಯುವ ಕೋಣೆಯಲ್ಲಿ ಈಸಲ್ (ಚಿತ್ರ ನಿಲ್ಲಿಸುವ ಚೌಕಟ್ಟು) ಮುಂದೆ ಇರುವುದು ಅವರ ವೀಲ್‌ಚೇರೇ. ಹಳೆ ಮನೆಗಳಿಗೆ ಗಾಲಿ ಹೊಸದಲ್ಲ. ನಿಮ್ಮ ಮನೆಯಲ್ಲೂ ಊರುಗೋಲು, ಹಿಡಿಗಂಬಿ, ಗೋಡೆಗೆ ಕೈ ಊರಿದ ಗುರುತು, ಏನೋ ಒಂದು ಸಿಕ್ಕೇ ಸಿಗುತ್ತದೆ. ಸಿಕ್ಕರೆ ಅದನ್ನು ಪ್ರದರ್ಶನಕ್ಕೆ ಇಡಿ. ಮೊಳೆಯ ವಾದಕ್ಕೆ ಮನೆಯೇ ಉತ್ತರ ಕೊಟ್ಟ ಹಾಗಾಗುತ್ತದೆ.

ಇನ್ನು ಮುಂಬಾಗಿಲು. ಇಲ್ಲಿ ಸ್ವಲ್ಪ ನಿಧಾನವಾಗಿ ಲೆಕ್ಕ ಹಾಕೋಣ, ಯಾಕೆಂದರೆ ಹೆಚ್ಚಿನವರು ಎಡವುವುದು ಇಲ್ಲೇ. ಒಂದು ಮೆಟ್ಟಿಲು 15 ಸೆಂಟಿಮೀಟರ್ ಅಂದುಕೊಳ್ಳಿ. ಐದಕ್ಕೆ 75 ಸೆಂ.ಮೀ. ಎತ್ತರ. ರ‍್ಯಾಂಪಿಗೆ ಹೆಚ್ಚಿನ ಕಡೆ ಒಪ್ಪಿರುವ ಇಳಿಜಾರು 1:12, ಅಂದರೆ ಒಂದು ಅಡಿ ಏರಲು ಹನ್ನೆರಡು ಅಡಿ ಉದ್ದ ಬೇಕು. ನಿಮಗೆ 9 ಮೀಟರ್ ಆಯಿತು. ಮೇಲೊಂದು, ಕೆಳಗೊಂದು ಸಮತಟ್ಟಾದ ಜಾಗ, ತಲಾ ಒಂದೂವರೆ ಮೀಟರ್. ಒಟ್ಟು 12 ಮೀಟರ್. ಮೆಟ್ಟಿಲ ಮೇಲೆ ಎರಡು ಹಲಗೆ ಇಟ್ಟು "ರ‍್ಯಾಂಪ್ ಮಾಡಿದ್ದೇವೆ" ಅನ್ನುವವರನ್ನು ನೋಡಿದ್ದೇನೆ. ಅದರ ಮೇಲೆ ವೀಲ್‌ಚೇರ್ ಏರಿಸಲು ಇಬ್ಬರು ಗಟ್ಟಿಗರು ಬೇಕು, ಕೂತವರ ಜೀವ ಕೈಯಲ್ಲಿರುತ್ತದೆ. ದಯವಿಟ್ಟು ಅದನ್ನು ಮಾಡಬೇಡಿ.

ನಿಮಗೆ ಅಂಗಳ ಇದ್ದರೆ ನನಗೆ ತುಂಬ ಇಷ್ಟವಾದ ದಾರಿ ಬೇರೆ. ಇಳಿಜಾರು 1:20ಕ್ಕಿಂತ ಕಡಿದಾಗಿಲ್ಲದಿದ್ದರೆ ಅದನ್ನು ರ‍್ಯಾಂಪ್ ಅಂತಲೇ ಕರೆಯುವುದಿಲ್ಲ, ಅದು ಬರೀ ನಡೆಯುವ ದಾರಿ. ಪಕ್ಕದ ಕಂಬಿಗಳೂ ಕಡ್ಡಾಯವಲ್ಲ. 75 ಸೆಂ.ಮೀ.ಗೆ 15 ಮೀಟರ್ ಬೇಕು. ಗೇಟಿನಿಂದ ಮನೆಯ ಪಕ್ಕದವರೆಗೆ, ಗಿಡಗಳ ನಡುವೆ ಮಣ್ಣು ಏರಿಸಿ, ಗಟ್ಟಿಯಾದ ನೆಲ ಹಾಸಿ, ನಿಧಾನವಾಗಿ ಬಳಸಿಕೊಂಡು ಬಂದು ಜಗಲಿಯ ಒಂದು ಬದಿಗೆ ಸೇರುವ ದಾರಿ. ಮನೆಯ ಕಲ್ಲನ್ನು ಅದು ಮುಟ್ಟುವುದೇ ಇಲ್ಲ. ಜಗಲಿಗೂ ಮಣ್ಣಿಗೂ ನಡುವೆ ಒಂದು ಬೆರಳಷ್ಟು ಸಂದು ಬಿಟ್ಟು ಮೇಲೆ ಲೋಹದ ಹಲಗೆ ಮುಚ್ಚಿದರೆ ಸಾಕು, ತೇವವೂ ಗೋಡೆಗೆ ಏರುವುದಿಲ್ಲ. ಆ ದಾರಿಯಲ್ಲಿ ಎಲ್ಲರೂ ಬರುತ್ತಾರೆ. ತಳ್ಳುಗಾಡಿಯಲ್ಲಿ ಮಗು ಇರುವ ತಾಯಿ, ಕೋಲು ಹಿಡಿದ ಅಜ್ಜ, ವೀಲ್‌ಚೇರಿನ ಯುವತಿ. ಯಾರೂ ಯಾರಿಗೂ ವಿಶೇಷ ಅನ್ನಿಸುವುದಿಲ್ಲ.

ಜಾಗ ಇಲ್ಲ, ಹಿಂಬಾಗಿಲು ಮಾತ್ರ ನೆಲಮಟ್ಟದಲ್ಲಿದೆ ಅನ್ನುವುದಾದರೆ ಆ ಬಾಗಿಲನ್ನೇ ಎಲ್ಲರ ಪ್ರವೇಶದ್ವಾರ ಮಾಡಿ. ಟಿಕೆಟ್ ಮೇಜನ್ನೂ ಅಲ್ಲಿಗೇ ಹಾಕಿ. ಕಸದ ಡಬ್ಬಿಗಳ ಪಕ್ಕದಲ್ಲಿ ಬೆಲ್ ಒತ್ತಿ, ಯಾರೋ ಬೀಗದ ಕೈ ಹುಡುಕಿ ತರುವವರೆಗೆ ಕಾಯುವ ಅನುಭವ ಹೇಗಿರುತ್ತದೆ ಗೊತ್ತಾ? ಒಮ್ಮೆ ನನ್ನ ಸಹೋದ್ಯೋಗಿಯೊಬ್ಬರ ಜೊತೆ ನಾನೂ ಹಾಗೆ ಇಪ್ಪತ್ತು ನಿಮಿಷ ನಿಂತಿದ್ದೆ. ಒಳಗೆ ಹೋಗುವಷ್ಟರಲ್ಲಿ ನಮ್ಮ ಜೊತೆ ಬಂದಿದ್ದವರು ಎರಡು ಕೋಣೆ ಮುಂದೆ ಹೋಗಿದ್ದರು. ಆ ಸಹೋದ್ಯೋಗಿಯ ಮುಖ ಸಣ್ಣದಾಗಿದ್ದು ನನಗೆ ಇನ್ನೂ ನೆನಪಿದೆ.

ಒಳಗಿನ ಹೊಸ್ತಿಲುಗಳನ್ನು ಕೊಯ್ಯಬೇಕಿಲ್ಲ. ಎರಡೂ ಕಡೆ ಇಳಿಜಾರಾದ ಮರದ ಬೆಣೆ ಇಡಿ. ಅಂಗವೈಕಲ್ಯ ಇರುವವರಿಗಾಗಿ ಅಮೆರಿಕ ಮಾಡಿದ ಎಡಿಎ ಕಾಯ್ದೆಯ ಮಾನದಂಡದಲ್ಲಿ ಹಳೆ ಕಟ್ಟಡಗಳಿಗೆ ಜಾಗವಿಲ್ಲದ ಕಡೆ ಸಣ್ಣ ಸಡಿಲಿಕೆ ಇದೆ: ಎತ್ತರ 7.5 ಸೆಂ.ಮೀ. ಒಳಗಿದ್ದರೆ 1:8, 15 ಸೆಂ.ಮೀ. ಒಳಗಿದ್ದರೆ 1:10 ಇಳಿಜಾರು ನಡೆಯುತ್ತದೆ. 7 ಸೆಂ.ಮೀ. ಹೊಸ್ತಿಲಿಗೆ 56 ಸೆಂ.ಮೀ. ಉದ್ದದ ಬೆಣೆ ಸಾಕು. ಅಡಿಯಲ್ಲಿ ರಬ್ಬರ್ ಹಾಳೆ ಅಂಟಿಸಿದರೆ ಜಾರುವುದಿಲ್ಲ, ನೆಲಕ್ಕೂ ಗೀರು ಬೀಳುವುದಿಲ್ಲ. ಬಣ್ಣ ಮಾತ್ರ ನೆಲಕ್ಕಿಂತ ಬೇರೆ ಇರಲಿ. ನೆಲದ ಜೊತೆ ಬೆರೆತುಹೋದ ಬೆಣೆಗೆ ಮಂದದೃಷ್ಟಿಯವರು ಎಡವುತ್ತಾರೆ. ಊರಿನ ಬಡಗಿ ಅರ್ಧ ದಿನದಲ್ಲಿ ಮಾಡಿಕೊಡುವ ಕೆಲಸ ಇದು.

ಬಾಗಿಲು ತೆರೆದಾಗ ಸಿಗುವ ಜಾಗ 81 ಸೆಂ.ಮೀ. ಮೇಲಿರಬೇಕು. ಜೋಡಿ ಕದ ಇದ್ದರೆ ಎರಡನ್ನೂ ತೆರೆದಿಡಿ, ಎಷ್ಟೋ ಸಲ ಸಮಸ್ಯೆ ಅಲ್ಲಿಗೇ ಮುಗಿಯುತ್ತದೆ. ಒಂಟಿ ಕದವಾಗಿ ಎರಡು ಮೂರು ಸೆಂ.ಮೀ. ಕಡಿಮೆ ಬಂದರೆ, ಕದ ಪೂರ್ತಿ ಪಕ್ಕಕ್ಕೆ ಸರಿದು ನಿಲ್ಲುವಂಥ ಬಾಗಿದ ಕೀಲುಗಳು ಸಿಗುತ್ತವೆ. ಕದದ ದಪ್ಪದಷ್ಟು ಜಾಗ ಉಳಿಯುತ್ತದೆ. ಹಳೆ ಕೀಲುಗಳನ್ನು ಬಿಸಾಡಬೇಡಿ, ಚೀಟಿ ಬರೆದು ಪೆಟ್ಟಿಗೆಯಲ್ಲಿಡಿ. ಕೋಣೆಯೊಳಗೆ ವೀಲ್‌ಚೇರ್ ತಿರುಗಲು ಒಂದೂವರೆ ಮೀಟರಿನ ವೃತ್ತ ಬೇಕು. ಪ್ರದರ್ಶನದ ಸುತ್ತ ಕಟ್ಟಿದ ಹಗ್ಗವನ್ನು ಎರಡು ಅಡಿ ಹಿಂದೆ ಸರಿಸಿದರೆ ಆ ವೃತ್ತ ಸಿಗುತ್ತದಾ ನೋಡಿ. "ಕುರ್ಚಿ ಅಲ್ಲೇ ಇತ್ತು, ಸರಿಸಲು ಆಗಲ್ಲ" ಅಂತ ಯಾರಾದರೂ ಹೇಳಿದರೆ ಫೋಟೋ ಕೇಳಿ. ಬಹಳಷ್ಟು ಮನೆಗಳಲ್ಲಿ ಸಾಮಾನುಗಳ ಜಾಗ ತೀರ್ಮಾನ ಮಾಡಿದ್ದು ಮ್ಯೂಸಿಯಂ ಮಾಡಿದವರು. ಒಂದು ಎಚ್ಚರ ಮಾತ್ರ ಇರಲಿ. ಬ್ಯಾಟರಿ ವೀಲ್‌ಚೇರ್ ಒಂದೇ 100 ಕಿಲೋ ದಾಟುವುದು ಸಾಮಾನ್ಯ, ಕೂತವರ ತೂಕ ಬೇರೆ. ಮರದ ನೆಲ ಇದ್ದರೆ ಕಟ್ಟಡದ ಎಂಜಿನಿಯರ್ ಒಬ್ಬರಿಗೆ ತೋರಿಸಿಯೇ ಮುಂದುವರಿಯಿರಿ.

ಈಗ ಮಹಡಿ. ನಿಮ್ಮ ಪ್ರಶ್ನೆಯ ನೋವೂ ಅಲ್ಲೇ ಇದೆ.

ಲಿಫ್ಟು ಅಸಾಧ್ಯ ಎಂದು ಮೊದಲೇ ಕೈಚೆಲ್ಲಬೇಡಿ. ಲಂಡನ್ನಿನಲ್ಲಿ ಸರ್ ಜಾನ್ ಸೋನ್ ಎಂಬ ವಾಸ್ತುಶಿಲ್ಪಿಯ ಮನೆ ಇದೆ. ಆದಷ್ಟೂ ಇದ್ದ ಹಾಗೇ ಉಳಿಸಬೇಕು ಎಂದು 1833ರಲ್ಲಿ ಪಾರ್ಲಿಮೆಂಟೇ ಕಾಯ್ದೆ ಮಾಡಿದ ಮನೆ ಅದು. ಅಂಥ ಮನೆಯಲ್ಲೂ ಇವತ್ತು ಲಿಫ್ಟು ಇದೆ. ಗುಟ್ಟು ಇರುವುದು ಜಾಗ ಆರಿಸುವುದರಲ್ಲಿ. ಮನೆಯ ಯಾವ ಭಾಗಕ್ಕೆ ಬೆಲೆ ಜಾಸ್ತಿ, ಯಾವುದು ಆಮೇಲೆ ಸೇರಿಸಿದ್ದು ಎಂದು ಒಂದು ನಕ್ಷೆಯಲ್ಲಿ ಬಣ್ಣ ಹಚ್ಚಿ. ಹಿಂದೆ ಯಾವಾಗಲೋ ಕಟ್ಟಿದ ಸ್ನಾನದ ಮನೆ, ಸಾಮಾನು ಕೋಣೆ ಇರುತ್ತದಲ್ಲ, ಲಿಫ್ಟಿಗೆ ಜಾಗ ಸಿಗುವುದು ಅಂಥ ಕಡೆ. ಚಾರಿತ್ರಿಕ ತಾಣಗಳನ್ನೂ ನೋಡಿಕೊಳ್ಳುವ ಅಮೆರಿಕದ ಸರ್ಕಾರಿ ಇಲಾಖೆ ನ್ಯಾಷನಲ್ ಪಾರ್ಕ್ ಸರ್ವಿಸ್ 1993ರಲ್ಲಿ ಹೊರತಂದ ಕೈಪಿಡಿಯೂ ಇದೇ ಕ್ರಮ ಹೇಳುತ್ತದೆ: ಮೊದಲು ಮನೆಯಲ್ಲಿ ಏನು ಮುಖ್ಯ ಅಂತ ನೋಡಿ, ಆಮೇಲೆ ಎಲ್ಲೆಲ್ಲಿ ತಡೆ ಇದೆ ಅಂತ ನೋಡಿ, ಕೊನೆಗೆ ಎರಡನ್ನೂ ಎದುರೆದುರು ಇಟ್ಟು ದಾರಿ ಆರಿಸಿ. ಹಣ ಇವತ್ತಿಲ್ಲ ಅಂದರೂ ಜಾಗ ಗುರುತಿಸಿ ಇಟ್ಟುಕೊಳ್ಳಿ. ಮುಂದೊಂದು ದಿನ ಅಲ್ಲಿ ಬೇರೆ ಏನೋ ಕಟ್ಟಿಬಿಟ್ಟರೆ ಅವಕಾಶ ತಪ್ಪಿಹೋಗುತ್ತದೆ.

ಮೆಟ್ಟಿಲ ಪಕ್ಕ ಹಳಿ ಹಾಕಿ ಓಡಿಸುವ ಕುರ್ಚಿಯನ್ನು ನಾನು ನಿಮಗೆ ಹೇಳುವುದಿಲ್ಲ. ಹಳೆ ಮರಕ್ಕೆ ತೂತು ಬೀಳುತ್ತದೆ, ಮೊದಲೇ ಕಿರಿದಾದ ಮೆಟ್ಟಿಲು ಇನ್ನೂ ಕಿರಿದಾಗುತ್ತದೆ, ಮೇಲೆ ಹೋದ ಮೇಲೆ ಇನ್ನೊಂದು ವೀಲ್‌ಚೇರ್ ಬೇಕು. ಎತ್ತಿಕೊಂಡು ಹೋಗುವ ಮಾತಂತೂ ಬೇಡವೇ ಬೇಡ. ಪ್ರೀತಿಯಿಂದಲೇ ಹೇಳುತ್ತಾರೆ, "ನಾವು ನಾಲ್ಕು ಜನ ಇದ್ದೀವಿ, ಎತ್ತಿಬಿಡ್ತೀವಿ" ಅಂತ. ಬಿದ್ದರೆ ಗತಿಯೇನು? ಬೀಳದಿದ್ದರೂ, ದೊಡ್ಡವರಾದ ಮನುಷ್ಯರನ್ನು ಮೂಟೆಯ ಹಾಗೆ ಎತ್ತಿಸಿಕೊಂಡು ಹೋಗುವುದು ಅವರಿಗೆ ಹೇಗನ್ನಿಸುತ್ತದೆ? ಇನ್ನೊಂದು ಮಾತು: ಮೇಲೆ ಕರೆದೊಯ್ಯುವ ಯಾವ ದಾರಿ ಮಾಡಿದರೂ, ಬೆಂಕಿ ಬಿದ್ದಾಗ ಲಿಫ್ಟು ಇಲ್ಲದೆ ಅವರನ್ನು ಕೆಳಗೆ ತರುವುದು ಹೇಗೆ ಎಂದು ಮೊದಲೇ ತೀರ್ಮಾನ ಆಗಿರಬೇಕು.

ಲಿಫ್ಟು ಬರುವವರೆಗೆ, ಅಥವಾ ಬರಲೇ ಆಗದಿದ್ದರೆ, ಬರೆಯುವ ಕೋಣೆಯನ್ನು ಕೆಳಗೆ ತರಬೇಕು. ಆಮ್‌ಸ್ಟರ್‌ಡ್ಯಾಮ್‌ನ ಆನ್ ಫ್ರಾಂಕ್ ಮನೆಯ ಕಷ್ಟ ನಿಮ್ಮಂಥದ್ದೇ. ನಾಜಿಗಳಿಂದ ತಪ್ಪಿಸಿಕೊಳ್ಳಲು ಆ ಯಹೂದಿ ಹುಡುಗಿ ಮನೆಯವರ ಜೊತೆ ಅಡಗಿ, ದಿನಚರಿ ಬರೆದ ಭಾಗಕ್ಕೆ ಹೋಗಲು ಏಣಿಯಂಥ ಮೆಟ್ಟಿಲೇ ದಾರಿ, ಅದನ್ನು ಬದಲಿಸಿದರೆ ಆ ಜಾಗದ ಅರ್ಥವೇ ಹೋಗುತ್ತದೆ. 2018ರಲ್ಲಿ ಮ್ಯೂಸಿಯಂನವರು ಆ ಕೋಣೆಗಳನ್ನು ವಿಆರ್ ಕನ್ನಡಕದಲ್ಲಿ, ಅಂದರೆ ಹಾಕಿಕೊಂಡರೆ ಆ ಜಾಗದಲ್ಲೇ ಇದ್ದ ಹಾಗೆ ತೋರಿಸುವ ಕನ್ನಡಕದಲ್ಲಿ, ನೋಡುವ ಹಾಗೆ ಮಾಡಿದರು. ನಿಮಗೆ ಅಷ್ಟು ಖರ್ಚು ಮಾಡಲು ಆಗದಿರಬಹುದು. ಅದಕ್ಕಿಂತ ಸರಳವಾದದ್ದು, ನನಗೆ ಅದಕ್ಕಿಂತಲೂ ಇಷ್ಟವಾದದ್ದು ಒಂದಿದೆ. ವಿಡಿಯೊ ಕಾಲ್.

ಕೆಳಗಿನ ಕೋಣೆಯಲ್ಲಿ ದೊಡ್ಡ ಪರದೆ. ಗೈಡ್ ಒಬ್ಬರು ಫೋನ್ ಹಿಡಿದು ಮೇಲೆ ಹೋಗುತ್ತಾರೆ. ಕೆಳಗೆ ಕೂತವರು ಹೇಳುತ್ತಾರೆ: "ಸ್ವಲ್ಪ ಎಡಕ್ಕೆ... ಆ ಶೆಲ್ಫಿನ ಎರಡನೇ ಸಾಲಲ್ಲಿ ಏನಿದೆ? ಹತ್ತಿರ ಹೋಗ್ತೀರಾ?... ಕಿಟಕಿಯಿಂದ ಏನು ಕಾಣುತ್ತೆ?" ಒಂದು ಮನೆಯಲ್ಲಿ ಇದನ್ನು ಮೊದಲ ಸಲ ಮಾಡಿದ ದಿನ ನಾನು ಅಲ್ಲಿದ್ದೆ. ವೀಲ್‌ಚೇರಿನಲ್ಲಿದ್ದ ನಿವೃತ್ತ ಮೇಷ್ಟ್ರೊಬ್ಬರು ಮೇಜಿನ ಡ್ರಾಯರ್ ಅಡಿಯ ಭಾಗ ತೋರಿಸಿ ಅಂದರು. ಗೈಡ್ ಬಗ್ಗಿ ಕ್ಯಾಮೆರಾ ತಿರುಗಿಸಿದರು. ಅಲ್ಲಿ ಪೆನ್ಸಿಲಿನಲ್ಲಿ ಬಡಗಿಯ ಗುರುತು, ಒಂದು ಅಂಕಿ. ಹತ್ತು ವರ್ಷದಿಂದ ಆ ಕೋಣೆ ತೋರಿಸುತ್ತಿದ್ದ ಗೈಡ್ ಅದನ್ನು ನೋಡಿದ್ದು ಅದೇ ಮೊದಲು. ಮಹಡಿ ಹತ್ತಿದ ನಾವು ಯಾರೂ ಅದನ್ನು ಕಂಡಿರಲಿಲ್ಲ.

ಹಾಗಂತ ಇದನ್ನು ಮೇಲೆ ಹೋದದ್ದಕ್ಕೆ ಸಮ ಎಂದು ಯಾರಿಗೂ ಹೇಳಬೇಡಿ. ಸಮ ಅಲ್ಲ. ಅವರಿಗೂ ಗೊತ್ತು, ನಿಮಗೂ ಗೊತ್ತು. "ಸದ್ಯಕ್ಕೆ ನಮ್ಮ ಕೈಲಿ ಆಗಿರುವುದು ಇಷ್ಟು" ಎಂದು ನೇರವಾಗಿ ಹೇಳಿ. ಜೊತೆಗೆ ಕೆಳಗಿನ ಆ ಕೋಣೆಯನ್ನು ಕಾಯುವ ಕೋಣೆಯ ಹಾಗೆ ಮಾಡಬೇಡಿ. ಮೇಲಿನ ಕೆಲವು ವಸ್ತುಗಳನ್ನೇ ಇಲ್ಲಿಗೆ ತನ್ನಿ. ಮೇಲೆ ಹತ್ತುವವರೂ ಮೊದಲು ಇಲ್ಲಿಗೆ ಬಂದೇ ಹೋಗುವ ಹಾಗಿರಲಿ. ಹಸ್ತಪ್ರತಿಯ ಗಾಜಿನ ಪೆಟ್ಟಿಗೆಯನ್ನು ಕೂತವರ ಕಣ್ಣಿಗೆ ಸಿಗುವ ಎತ್ತರದಲ್ಲಿಡಿ. ವೀಲ್‌ಚೇರಿನಲ್ಲಿ ಕೂತವರ ಕಣ್ಣು ನೆಲದಿಂದ ಸುಮಾರು 110ರಿಂದ 125 ಸೆಂ.ಮೀ. ಎತ್ತರದಲ್ಲಿರುತ್ತದೆ. ನೀವೇ ಒಂದು ಕುರ್ಚಿ ಹಾಕಿಕೊಂಡು ಕೂತು ನೋಡಿ. ಎಷ್ಟು ಗಾಜಿನ ಪೆಟ್ಟಿಗೆಗಳಲ್ಲಿ ಬಲ್ಬಿನ ಪ್ರತಿಬಿಂಬ ಬಿಟ್ಟು ಬೇರೇನೂ ಕಾಣುವುದಿಲ್ಲ ಅಂತ ಆಗ ಗೊತ್ತಾಗುತ್ತದೆ.

ನೀವು ಕೇಳಿದ್ದು ವೀಲ್‌ಚೇರ್ ಬಗ್ಗೆ ಮಾತ್ರ. ಆದರೆ ಕಣ್ಣು ಕಾಣದವರೂ ನಿಮ್ಮ ಮನೆಗೆ ಬರಬೇಕಲ್ಲ? ಅವರಿಗೆ ಮೆಟ್ಟಿಲು ಅಡ್ಡಿಯಲ್ಲ. "ಮುಟ್ಟಬೇಡಿ" ಎಂಬ ಫಲಕ ಅಡ್ಡಿ.

ನನ್ನ ಆಪ್ತ ಗೆಳೆಯರೊಬ್ಬರಿಗೆ ಕಣ್ಣು ಕಾಣದು. ಒಂದು ಹಳೆ ಮನೆ ನೋಡಲು ಹೋಗಿದ್ದೆವು. ಗೈಡ್ ಅವರನ್ನು ಬಿಟ್ಟು ನನ್ನನ್ನು ಕೇಳಿದರು, "ಇವರಿಗೆ ಏನಾದರೂ ಬೇಕಾ?" ಗೆಳೆಯರು ಏನೂ ಹೇಳಲಿಲ್ಲ. ಮೆಟ್ಟಿಲು ಹತ್ತುವಾಗ ಹಿಡಿಗಂಬಿಯ ಮೇಲೆ ಕೈ ಆಡಿಸುತ್ತಾ ನಡುವೆ ನಿಂತರು. "ಇಲ್ಲಿ ಸವೆದಿದೆ ನೋಡು. ತಿರುವಿನಲ್ಲಿ. ಎಲ್ಲರೂ ಇಲ್ಲೇ ಗಟ್ಟಿಯಾಗಿ ಹಿಡ್ಕೊಂಡಿದಾರೆ." ನಾನು ಕೈಯಿಟ್ಟು ನೋಡಿದೆ. ಹೆಬ್ಬೆರಳು ಕೂರುವಷ್ಟು ತಗ್ಗು. ಆ ಮನೆಯಲ್ಲಿ ಬದುಕಿದವರು ಅಷ್ಟು ಹತ್ತಿರ ಬಂದದ್ದು ನನಗೆ ಆ ಒಂದು ಗಳಿಗೆಯಲ್ಲಿ ಮಾತ್ರ.

ಬೆರಳಿನ ಬೆವರು, ಎಣ್ಣೆಯಂಶ ಕಾಗದಕ್ಕೂ ಲೋಹಕ್ಕೂ ಬಟ್ಟೆಗೂ ಕೆಡುಕು, ಒಪ್ಪುತ್ತೇನೆ. ಹಸ್ತಪ್ರತಿ ಮುಟ್ಟಲು ಕೊಡಿ ಅಂತ ನಾನು ಹೇಳುತ್ತಿಲ್ಲ. ಆದರೆ ಮನೆ ತಾನೇ ಒಂದು ವಸ್ತು. ಬಾಗಿಲ ಅಗುಳಿ, ಕಿಟಕಿಯ ಸರಳು, ಗೋಡೆಯ ಗಾರೆ, ಕಂಬ, ನೆಲದ ಕಲ್ಲಿನ ತಂಪು, ಇವನ್ನು ದಿನಾ ಎಲ್ಲರೂ ಮುಟ್ಟಿಯೇ ಬಂದಿದ್ದಾರೆ. ಸಂರಕ್ಷಣೆ ಗೊತ್ತಿರುವವರೊಬ್ಬರನ್ನು ಕೂರಿಸಿಕೊಂಡು ಮುಟ್ಟಬಹುದಾದ ವಸ್ತುಗಳ ಪಟ್ಟಿ ಮಾಡಿ. ಕನ್ನಡಕ, ಪೆನ್ನು, ಮಸಿಕುಡಿಕೆಗಳ ಪಡಿಯಚ್ಚು ಮಾಡಿಸಬಹುದು. ತೂಕವೂ ಮೂಲದಷ್ಟೇ ಇರಲಿ. ಹಗುರ ಪ್ಲಾಸ್ಟಿಕ್ಕಿನ ಮಸಿಕುಡಿಕೆ ಕೈಗೆ ಸುಳ್ಳು ಹೇಳುತ್ತದೆ. ಮನೆಯ ಒಂದು ಸಣ್ಣ ಮರದ ಮಾದರಿಯನ್ನು ಬಾಗಿಲಲ್ಲೇ ಇಡಿ, ಮಹಡಿ ಎತ್ತಿ ತೆಗೆಯುವ ಹಾಗಿರಲಿ. ಇಟಲಿಯ ಅಂಕೋನಾದಲ್ಲಿ ಒಮೆರೊ ಎಂಬ ಮ್ಯೂಸಿಯಂ 1993ರಿಂದ ಇದೆ, ಅಲ್ಲಿ ಎಲ್ಲವನ್ನೂ ಮುಟ್ಟಿಯೇ ನೋಡುವುದು. ಕಣ್ಣು ಕಾಣುವವರೂ ಅಲ್ಲಿಗೆ ಹೋಗುತ್ತಾರೆ.

ಬ್ರೈಲ್ ಫಲಕ ಹಾಕಿಸಿದರೆ ಆಯಿತು ಅಂದುಕೊಳ್ಳಬೇಡಿ. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಹೆಚ್ಚಿನವರಿಗೆ ಬ್ರೈಲ್ ಬರುವುದಿಲ್ಲ. ಅವರಿಗೆ ಬೇಕಾದ್ದು ಧ್ವನಿ ವಿವರಣೆ. ಸಾಮಾನ್ಯ ಆಡಿಯೊ ಗೈಡ್‌ಗೂ ಇದಕ್ಕೂ ವ್ಯತ್ಯಾಸ ಇದೆ. "ಇದು ಲೇಖಕರ ಪ್ರಸಿದ್ಧ ಮೇಜು" ಅಂದರೆ ಕಾಣದವರಿಗೆ ಏನೂ ಸಿಗಲಿಲ್ಲ. ಹೀಗೆ ಹೇಳಿ ನೋಡಿ:

"ನೀವು ಬಾಗಿಲಲ್ಲಿ ನಿಂತಿದ್ದೀರಿ. ಕೋಣೆ ಉದ್ದಕ್ಕೆ ಎಂಟು ಹೆಜ್ಜೆ, ಅಗಲಕ್ಕೆ ಐದು. ಎದುರಿನ ಗೋಡೆಗೆ ಒಂದೇ ಕಿಟಕಿ, ಅದರ ಕೆಳಗೆ ಮೇಜು. ಮೇಜು ಚಿಕ್ಕದು, ಎರಡು ಕೈ ಚಾಚಿದರೆ ಎರಡೂ ಅಂಚು ಸಿಗುತ್ತವೆ. ಎಡ ಅಂಚು ಕಪ್ಪಾಗಿ ನುಣುಪಾಗಿದೆ, ಮೊಣಕೈ ಊರಿದ ಜಾಗ. ಕುರ್ಚಿಗೆ ಕೈಗಳಿಲ್ಲ. ನಿಮ್ಮ ಬಲಕ್ಕೆ ನೆಲದಿಂದ ಸೂರಿನವರೆಗೆ ಪುಸ್ತಕ."

ಬಾಗಿಲಿನಿಂದ ಶುರು ಮಾಡಿ, ಒಂದೇ ದಿಕ್ಕಿನಲ್ಲಿ ಸುತ್ತಿ. ಅಳತೆಯನ್ನು ಮೈಯಿಂದ ಹೇಳಿ. ಬಣ್ಣವನ್ನು ಬಿಡಬೇಡಿ, ಮೊದಲು ಕಾಣುತ್ತಿದ್ದವರಿಗೆ ಅದು ನೆನಪಾಗುತ್ತದೆ. "ಸುಂದರ", "ಭವ್ಯ" ಬೇಡ. ಬರೆದದ್ದನ್ನು ಕಣ್ಣು ಕಾಣದವರೊಬ್ಬರಿಗೆ ಓದಿ ಹೇಳಿ, ಅವರು ಕೇಳುವ ಪ್ರಶ್ನೆಗಳನ್ನು ಸೇರಿಸಿ ಮತ್ತೆ ಬರೆಯಿರಿ. ಇದಕ್ಕೆ ಖರ್ಚು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಒಂದು ಫೋನಿನಲ್ಲಿ ಧ್ವನಿ ಮುದ್ರಿಸಬಹುದು.

ಮಂದದೃಷ್ಟಿಯವರ ವಿಷಯದಲ್ಲಿ ಒಂದು ನಿಜವಾದ ಇಕ್ಕಟ್ಟು ಇದೆ. ಹಳೆ ಕಾಗದ, ಬಟ್ಟೆಗೆ ಬೆಳಕು ಸುಮಾರು 50 ಲಕ್ಸ್ (ಬೆಳಕಿನ ಅಳತೆ) ಮೀರಬಾರದು ಎಂಬುದು ಮ್ಯೂಸಿಯಂಗಳ ರೂಢಿ. ಅಷ್ಟು ಕತ್ತಲಲ್ಲಿ ಅವರಿಗೆ ಏನೂ ಕಾಣದು. ಮೂಲ ಪ್ರತಿ ಕತ್ತಲಲ್ಲೇ ಇರಲಿ, ಪಕ್ಕದಲ್ಲಿ ಅದರ ಒಳ್ಳೆಯ ಮುದ್ರಿತ ನಕಲನ್ನು ಪೂರ್ಣ ಬೆಳಕಿನಲ್ಲಿ, ಕೈಯಲ್ಲಿ ಹಿಡಿದು ನೋಡುವ ಹಾಗೆ ಇಡಿ. ಮೆಟ್ಟಿಲುಗಳಿಗೆ ಈ ನಿಯಮ ಇಲ್ಲ, ಅಲ್ಲಿ ಬೆಳಕು ಜಾಸ್ತಿ ಮಾಡಿ. ಪ್ರತಿ ಮೆಟ್ಟಿಲ ಅಂಚಿಗೆ ಎದ್ದು ಕಾಣುವ ಬಣ್ಣದ ಪಟ್ಟಿ ಇರಲಿ.

ಕಿವಿ ಕೇಳದವರಿಗೆ ಬೇಕಾದ್ದು ಅರ್ಧದಷ್ಟು ಗೈಡ್‌ಗಳ ಅಭ್ಯಾಸದಲ್ಲೇ ಇದೆ. ಕಿಟಕಿಗೆ ಬೆನ್ನು ಮಾಡಿ ನಿಂತರೆ ಮುಖ ಕಪ್ಪಾಗುತ್ತದೆ, ತುಟಿ ಕಾಣುವುದಿಲ್ಲ. ವಸ್ತು ತೋರಿಸುತ್ತಾ ಮಾತಾಡಬೇಡಿ. ಮೊದಲು ಹೇಳಿ, ನಿಲ್ಲಿಸಿ, ಆಮೇಲೆ ತೋರಿಸಿ. ಅವರು ಎರಡನ್ನೂ ಕಣ್ಣಿನಿಂದಲೇ ಮಾಡಬೇಕಲ್ಲ. ವಿಡಿಯೊಗಳಿಗೆ ಅಕ್ಷರ ಹಾಕಿಸಿ. ಸಂಜ್ಞೆ ಭಾಷೆಯ ವಿಡಿಯೊ ಮಾಡಿಸುವಾಗ, ಸಂಜ್ಞೆ ಭಾಷೆಯೇ ಮೊದಲ ಭಾಷೆಯಾಗಿರುವವರಿಂದ ಮಾಡಿಸಿ. ಅದು ನಮ್ಮ ಮಾತಿನ ಕೈ ರೂಪವಲ್ಲ, ಅದರದೇ ವ್ಯಾಕರಣ ಇರುವ ಬೇರೆ ಭಾಷೆ.

ಆಟಿಸಂ ಇರುವವರಿಗೆ, ಗದ್ದಲ ತಡೆಯಲಾಗದವರಿಗೆ ವಾರಕ್ಕೆ ಒಂದು ಗಂಟೆ ಶಾಂತ ಸಮಯ ಇಡಿ. ಗೋಡೆ ಗಡಿಯಾರ ಹೊಡೆಯುವ ಹೊತ್ತನ್ನೂ ಮೊದಲೇ ತಿಳಿಸಿ. ಬರುವ ಮುಂಚೆ ನೋಡಿಕೊಳ್ಳಲು ಗೇಟಿನಿಂದ ಕೊನೆಯ ಕೋಣೆವರೆಗಿನ ಫೋಟೋಗಳಿದ್ದರೆ ಅವರಿಗೆ ದೊಡ್ಡ ನೆಮ್ಮದಿ. ಎಲ್ಲ ಕೋಣೆಯಲ್ಲೂ ಕೈಗಳಿರುವ ಒಂದು ಕುರ್ಚಿ ಇರಲಿ, ಕೂರಬಹುದು ಎಂದು ಬರೆದಿರಲಿ.

ಶೌಚಾಲಯದ ಮಾತನ್ನು ಸಮಿತಿಗಳು ಕೊನೆಗೆ ತಳ್ಳುತ್ತವೆ. ಮೊದಲಿಗೆ ತನ್ನಿ. ಹೋಗಲು ಆಗುವ ಶೌಚಾಲಯ ಇಲ್ಲದಿದ್ದರೆ ಜನ ಬೆಳಿಗ್ಗೆಯಿಂದ ನೀರು ಕುಡಿಯದೆ ಬರುತ್ತಾರೆ, ಅರ್ಧ ಗಂಟೆಯಲ್ಲಿ ಹೊರಡುತ್ತಾರೆ. ಅದನ್ನು ಹಳೆ ಮನೆಯೊಳಗೆ ಮಾಡಬೇಕಿಲ್ಲ. ಅಂಗಳದ ಮೂಲೆಯಲ್ಲಿ ಹೊಸದಾಗಿ ಕಟ್ಟಬಹುದು, ಪಾರಂಪರಿಕ ಗೋಡೆಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ.

ಹಣ ಕಡಿಮೆ ಅಂದಿರಿ. ಈ ವಾರವೇ ಹಣ ಇಲ್ಲದೆ ಮಾಡಬಹುದಾದ್ದು ಒಂದಿದೆ. ನಿಮ್ಮ ವೆಬ್‌ಸೈಟಿನಲ್ಲಿ, ಗೇಟಿನ ಫಲಕದಲ್ಲಿ ನಿಜವಾದ ಅಳತೆ ಹಾಕಿ. "ವಿಕಲಚೇತನ ಸ್ನೇಹಿ" ಎಂದು ಬರೆಯಬೇಡಿ, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಹೀಗೆ ಬರೆಯಿರಿ: ಮುಂಬಾಗಿಲಿಗೆ ಐದು ಮೆಟ್ಟಿಲು, ಇಷ್ಟಿಷ್ಟು ಎತ್ತರ, ಬಲಕ್ಕೆ ಕಂಬಿ ಇದೆ. ಅತಿ ಕಿರಿದಾದ ಬಾಗಿಲು ಇಷ್ಟು ಸೆಂಟಿಮೀಟರ್. ಮಹಡಿಗೆ ಇಷ್ಟು ಮೆಟ್ಟಿಲು. ಶೌಚಾಲಯ ಎಲ್ಲಿದೆ. ಗೇಟಿನವರೆಗೆ ಗಾಡಿ ಬರುತ್ತದಾ. ಪ್ರತಿಯೊಂದಕ್ಕೂ ಒಂದು ಫೋಟೋ. ತಮಗೆ ಆಗುತ್ತದಾ ಇಲ್ಲವಾ ಎಂಬುದನ್ನು ಅವರೇ ತೀರ್ಮಾನ ಮಾಡುತ್ತಾರೆ. ಕೆಳಗೆ ಒಂದು ಫೋನ್ ನಂಬರ್ ಇರಲಿ, ಎತ್ತುವವರಿಗೆ ಇವೆಲ್ಲ ಗೊತ್ತಿರಲಿ. ಜೊತೆಗೆ ಸಿಬ್ಬಂದಿಗೆ ಎರಡು ಮಾತು ಕಲಿಸಿ: ಸಹಾಯ ಬೇಕಾ ಅಂತ ಮೊದಲು ಕೇಳಬೇಕು, ಕೇಳುವುದನ್ನು ಅವರನ್ನೇ ಕೇಳಬೇಕು. ಅನುಮತಿ ಇಲ್ಲದೆ ವೀಲ್‌ಚೇರಿಗೆ ಕೈ ಹಾಕಬಾರದು. ಅದು ಅವರ ಮೈಯ ಭಾಗ ಇದ್ದ ಹಾಗೆ.

ಆಮೇಲೆ ಬೆಣೆಗಳು, ಧ್ವನಿ ವಿವರಣೆ, ವಿಡಿಯೊ ಕಾಲ್. ನಂತರ ಶೌಚಾಲಯ ಮತ್ತು ಅಂಗಳದ ದಾರಿ, ಎರಡಕ್ಕೂ ಸೇರಿಸಿ ಹಣ ಎತ್ತಿ. ಲಿಫ್ಟಿನ ನಕ್ಷೆ ಕಡತದಲ್ಲಿರಲಿ. ದೊಡ್ಡ ಕೆಲಸ ಆಗುವವರೆಗೆ ಚಿಕ್ಕದನ್ನು ನಿಲ್ಲಿಸಬೇಡಿ.

ಮುಖ್ಯವಾಗಿ, ಇದ್ಯಾವುದನ್ನೂ ನನ್ನ ಉತ್ತರ ನೋಡಿಕೊಂಡು ನೀವು ನೀವೇ ಮಾಡಬೇಡಿ. ಅಂಗವೈಕಲ್ಯ ಇರುವವರು ನಾಲ್ಕೈದು ಜನ ಸಮಿತಿಯಲ್ಲೇ ಕೂರಬೇಕು. ಕೆಲಸ ಮುಗಿದ ಮೇಲೆ ಹೊಗಳಿಸಿಕೊಳ್ಳಲು ಕರೆಯುವುದಲ್ಲ, ಟೇಪು ಹಿಡಿಯುವ ದಿನವೇ ಕರೆಯಬೇಕು. ಅವರ ಸಮಯಕ್ಕೆ ಸಂಭಾವನೆ ಕೊಡಿ. ಎಂಜಿನಿಯರ್‌ಗೆ ಕೊಡುತ್ತೀರಲ್ಲ?

ಆ ಯುವತಿ ಗೇಟಿನವರೆಗೆ ಬಂದಿದ್ದರು. ಅಂದು ಗೇಟಿನಲ್ಲಿದ್ದವರನ್ನು ವಿಚಾರಿಸಿ. ಅವರು ಬರುವ ಮುಂಚೆ ಫೋನ್ ಮಾಡಿ ಕೇಳಿರಬಹುದು, ಯಾರಾದರೂ ಪರಿಚಯದವರ ಜೊತೆ ಬಂದಿರಬಹುದು. ಸಿಕ್ಕರೆ ಫೋನ್ ಮಾಡಿ. ಎಲ್ಲ ಸರಿ ಮಾಡಿದ್ದೇವೆ ಬನ್ನಿ ಅಂತ ಹೇಳಲು ಈಗ ಆಗುವುದಿಲ್ಲ. "ಆವತ್ತು ನೀವು ಗೇಟಿನಿಂದ ಹೋದದ್ದು ನಮಗೆ ಗೊತ್ತು. ಮುಂದಿನ ವಾರ ಅಳತೆ ತೆಗೀತಾ ಇದೀವಿ, ಒಂದು ಸಲ ಬರ್ತೀರಾ?" ಎಂದು ಕೇಳಿ.

ಅವರು ಬಂದರೆ ಗೇಟಿನಿಂದಲೇ ಶುರು ಮಾಡಿ. ಟೇಪಿನ ಒಂದು ತುದಿ ಅವರ ಕೈಯಲ್ಲಿರಲಿ.